ಸರ್ಕಲ್‌ನಲ್ಲಿ ಗಾಡಿಗಳ ವೇಗ ಇಳಿಯುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಹಗಲು ಹೊತ್ತು ಹೋಗಿ ನೋಡಿದರೆ ಬೆಂಗಳೂರಿನ ಯಾವ ಸರ್ಕಲ್‌ನಲ್ಲೂ ವೇಗದ ದೋಷ ಕಾಣುವುದಿಲ್ಲ. ಟ್ರಾಫಿಕ್ಕೇ ಎಲ್ಲರನ್ನೂ ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಮೂಲೆಯ ಟೀ ಅಂಗಡಿ ಮುಚ್ಚಿ, ಅದರ ಮುಂದೆ ನಿಂತಿದ್ದ ಆಟೊ, ಬೈಕುಗಳೆಲ್ಲ ಜಾಗ ಖಾಲಿ ಮಾಡಿದ ಮೇಲೆ, ಅಂದರೆ ರಾತ್ರಿ ಹನ್ನೊಂದರ ನಂತರ, ರಸ್ತೆ ತನ್ನ ನಿಜವಾದ ಅಗಲಕ್ಕೆ ಬರುತ್ತದೆ. ಸಂಜೆ ನಾಲ್ಕು ಮೀಟರು ಅಗಲ ಇದ್ದ ಎಂಟ್ರಿ, ಅಂದರೆ ಗಾಡಿ ಸರ್ಕಲ್‌ಗೆ ಒಳಬರುವ ಬಾಯಿ, ಆಗ ಏಳೆಂಟು ಮೀಟರು. ಗಾಡಿಗಳು ಸರ್ಕಲ್ ಸುತ್ತುವುದನ್ನೇ ಬಿಟ್ಟು ಪಕ್ಕದಲ್ಲಿ ಹಾದು ಹೋಗುತ್ತವೆ. ಆದ್ದರಿಂದ ತಪಾಸಣೆ ಮಾಡುವವರು ರಾತ್ರಿ ಹನ್ನೊಂದರಿಂದ ಒಂದರವರೆಗೆ, ಇಲ್ಲವೇ ಬೆಳಗ್ಗೆ ಐದೂವರೆಯ ಹೊತ್ತಿಗೆ ಹೋಗಬೇಕು. ಬೇರೆ ಹೊತ್ತಿನಲ್ಲಿ ತೆಗೆದ ಅಳತೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇಲ್ಲಿ ಹೇಳುವುದು ಬಡಾವಣೆಯೊಳಗಿನ ಸರ್ಕಲ್‌ಗಳಿಗೆ ಮಾತ್ರ: ನಲವತ್ತಡಿ, ಅರವತ್ತಡಿ, ಎಂಬತ್ತಡಿ ರಸ್ತೆಗಳು ಕೂಡುವ ಕಡೆ, ನಡುವೆ ಒಂದು ಐಲೆಂಡ್ (ದುಂಡು ಕಟ್ಟೆ), ಸುತ್ತ ಒಂದೇ ಸಾಲಿನಲ್ಲಿ ಗಾಡಿ ಹೋಗಬೇಕಾದಂಥವು. ಹೆಸರಿಗೆ ಸರ್ಕಲ್ ಆದರೂ ಸಿಗ್ನಲ್ ಬಂದಿರುವ ದೊಡ್ಡ ಜಂಕ್ಷನ್‌ಗಳಿಗೆ, ಮೇಖ್ರಿ ಸರ್ಕಲ್‌ನಂತೆ ಅಂಡರ್‌ಪಾಸ್ ಆಗಿರುವ ಕಡೆಗಳಿಗೆ ಈ ಮದ್ದು ತಾಗುವುದಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ (ಐಆರ್‌ಸಿ) ಸರ್ಕಲ್ ಸಂಹಿತೆಯಾದ ಐಆರ್‌ಸಿ: 65ರ 1976ರ ಆವೃತ್ತಿಯೇ ರೋಟರಿ, ಅಂದರೆ ಇಂಥ ಸರ್ಕಲ್, ತಡೆದುಕೊಳ್ಳುವ ಮಿತಿಯನ್ನು ಗಂಟೆಗೆ ಸುಮಾರು 3000 ವಾಹನ ಎಂದು ಇಟ್ಟಿತ್ತು.

ಮೊದಲು ಕಲ್ಲು, ಗಾಜು, ಟೈರ್ ಗುರುತು ನೋಡಿ

ಅಳತೆ ಟೇಪು ಬಿಚ್ಚುವ ಮುಂಚೆ ಸರ್ಕಲ್ ಸುತ್ತ ಒಂದು ಸಲ ನಿಧಾನವಾಗಿ ನಡೆಯಿರಿ. ಆಗಿರುವ ಅಪಘಾತಗಳ ಅರ್ಧ ಕಥೆ ಅಲ್ಲೇ ಬಿದ್ದಿರುತ್ತದೆ.

ನಡುವಿನ ಐಲೆಂಡ್‌ನ ಕರ್ಬ್ ಕಲ್ಲು (ಅಂಚುಗಲ್ಲು) ಬರುವ ರಸ್ತೆಗೆ ನೇರ ಎದುರಾದ ಕಡೆಯೇ ಒಡೆದಿದ್ದರೆ, ಅಲ್ಲಿನ ಗ್ರಿಲ್ ಒಳಕ್ಕೆ ಬಾಗಿದ್ದರೆ, ಗಾಡಿ ಓಡಿಸಿದವರಿಗೆ ಐಲೆಂಡ್ ಇರುವುದು ಕೊನೆಯ ಗಳಿಗೆಯಲ್ಲಿ ಗೊತ್ತಾಗಿದೆ ಎಂದರ್ಥ. ಅದು ಬೆಳಕಿನ ಅಥವಾ ನೋಟದ ದೋಷ. ಗಾಜಿನ ಪುಡಿ ಎಂಟ್ರಿ ದಾಟಿದ ತಕ್ಷಣದ ಜಾಗದಲ್ಲಿ, ಸುತ್ತುವ ದಾರಿಯ ಮೇಲೆ ಬಿದ್ದಿದ್ದರೆ ಹೊಸದಾಗಿ ಒಳಬಂದ ಗಾಡಿ ಸುತ್ತುತ್ತಿದ್ದ ಗಾಡಿಯ ಪಕ್ಕೆಗೆ ಗುದ್ದಿದೆ. ಒಳಬರುವವರ ವೇಗ ಸುತ್ತುವವರ ವೇಗಕ್ಕಿಂತ ತೀರಾ ಹೆಚ್ಚಿದ್ದಾಗ ಹೀಗಾಗುತ್ತದೆ. ಹೊರಹೋಗುವ ಬಾಯಿಯ ಜೀಬ್ರಾ ಪಟ್ಟಿಯಲ್ಲಿ ಜನ ಓಡುತ್ತಾ ದಾಟುತ್ತಿದ್ದರೆ ದೋಷ ಎಕ್ಸಿಟ್‌ನದು.

ಒಂದು ಗುರುತು ಮಾತ್ರ ದಾರಿ ತಪ್ಪಿಸುತ್ತದೆ. ಎಂಟ್ರಿಯ ಎಡಗಡೆ ಕಲ್ಲಿನ ಮೇಲೆ ಟೈರ್ ಉಜ್ಜಿದ ಉದ್ದನೆಯ ಕಪ್ಪು ಗೆರೆ ಕಂಡರೆ ವೇಗವೆಂದು ಬರೆದುಕೊಳ್ಳಬೇಡಿ. ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಒಳಕ್ಕೆ ಎಳೆದಿರುವ ಗುರುತು ಅದು. ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಗ್ಗದ ಪರೀಕ್ಷೆ

ಸರ್ಕಲ್‌ನಲ್ಲಿ ವೇಗ ಇಳಿಸುವುದು ಬೋರ್ಡೂ ಅಲ್ಲ, ಪೊಲೀಸರೂ ಅಲ್ಲ, ಗಾಡಿ ಹೋಗುವ ಗೆರೆಯ ಬಾಗು. ಒಳಬರುವವನು ಎಡಕ್ಕೆ ಬಾಗಿ, ಐಲೆಂಡ್ ಪಕ್ಕ ಬಲಕ್ಕೆ ಬಾಗಿ, ಮತ್ತೆ ಎಡಕ್ಕೆ ಬಾಗಿ ಹೊರಹೋಗಬೇಕು. ಈ ಮೂರು ಬಾಗುಗಳಲ್ಲಿ ಮೊದಲನೆಯದು ಸರಿ ಇದ್ದರೆ ಉಳಿದೆರಡು ಹೆಚ್ಚು ತಂಟೆ ಕೊಡುವುದಿಲ್ಲ.

ಬಾಗು ಇದೆಯೋ ಇಲ್ಲವೋ ಎಂದು ನೋಡಲು ಒಂದು ಉದ್ದ ಹಗ್ಗ ಸಾಕು. ಎಂಟ್ರಿಯ ಎಡ ಕರ್ಬ್‌ನ ಗೆರೆಗೆ ಹಗ್ಗ ಹಿಡಿದು ನೇರವಾಗಿ ಸರ್ಕಲ್ ಒಳಕ್ಕೆ ಎಳೆಯಿರಿ. ಹಗ್ಗ ಐಲೆಂಡ್‌ಗೆ ತಾಗಿ ಒಂದು ಮೀಟರಾದರೂ ಒಳಗೆ ಹೋದರೆ ಬಾಗು ಇದೆ. ಐಲೆಂಡ್‌ನಿಂದ ಹೊರಗೆ ಹಾದು ಆಚೆ ರಸ್ತೆಗೆ ಹೋದರೆ ಅದು ಸರ್ಕಲ್ ಅಲ್ಲ, ಪಕ್ಕದಲ್ಲೊಂದು ಕಟ್ಟೆ ಇರುವ ನೇರ ರಸ್ತೆ.

ಲೆಕ್ಕ ಹೀಗೆ. ಅರವತ್ತಡಿ ರಸ್ತೆ ಎಂದರೆ ಒಟ್ಟು 18 ಮೀಟರ್. ಎರಡೂ ಕಡೆ ಫುಟ್‌ಪಾತ್, ಚರಂಡಿ ಕಳೆದರೆ ಗಾಡಿಗಳಿಗೆ 12 ಮೀಟರ್ ಎಂದಿಟ್ಟುಕೊಳ್ಳಿ. ನಡುಗೆರೆಯಿಂದ ಎಡ ಕರ್ಬ್ 6 ಮೀಟರ್ ದೂರ. ನಡುವೆ 6 ಮೀಟರ್ ವ್ಯಾಸದ ಐಲೆಂಡ್, ಮೇಲೊಂದು ಬಾವುಟದ ಕಂಬ. ಐಲೆಂಡ್‌ನ ಅಂಚು ನಡುಗೆರೆಯಿಂದ 3 ಮೀಟರ್‌ಗೇ ಮುಗಿಯುತ್ತದೆ. ಹಗ್ಗ ಐಲೆಂಡ್‌ನಿಂದ 3 ಮೀಟರ್ ಹೊರಗೆ ಹಾದುಹೋಯಿತು. ಕಾರಿನ ನಡುಭಾಗ ಯಾವ ಕರ್ಬ್‌ನಿಂದಲೂ ಸುಮಾರು ಒಂದೂವರೆ ಮೀಟರ್ ದೂರ ಉಳಿಯುತ್ತದೆ ಎಂದು ವಿನ್ಯಾಸದಲ್ಲಿ ಹಿಡಿಯುತ್ತಾರೆ. ಎಡ ಕರ್ಬ್‌ನಿಂದ ಒಂದೂವರೆ, ಐಲೆಂಡ್‌ನಿಂದ ಒಂದೂವರೆ, ಒಟ್ಟು 3, ಅಲ್ಲಿಗೆ ಸರಿಹೋಯಿತು. ಕಾರು ಒಂದಿಷ್ಟೂ ಪಕ್ಕಕ್ಕೆ ಸರಿಯದೆ ನೇರ ಹೋಗಬಹುದು.

ಇನ್ನು ಬೈಕು. ಹೊರದೇಶದ ಕೈಪಿಡಿಗಳು ಕಾರಿನ ಗೆರೆ ಎಳೆದು ಸುಮ್ಮನಾಗುತ್ತವೆ, ಅಲ್ಲಿನ ರಸ್ತೆಗೆ ಅಷ್ಟು ಸಾಕು. ನಮ್ಮ ಊರಲ್ಲಿ ಓಡುವ ಗಾಡಿಗಳಲ್ಲಿ ಹೆಚ್ಚಿನವು ದ್ವಿಚಕ್ರ. ಬೈಕಿನವನು ಕರ್ಬ್‌ನಿಂದ ಅರ್ಧ ಮೀಟರ್ ದೂರದಲ್ಲಿ ಆರಾಮಾಗಿ ಹೋಗುತ್ತಾನೆ. ಹೀಗಾಗಿ ಎಡ ಕರ್ಬ್ ಪಕ್ಕ ಅವನಿಗೆ ಒಂದು ಮೀಟರ್ ಲಾಭ, ಐಲೆಂಡ್ ಪಕ್ಕ ಇನ್ನೊಂದು. ಕಾರು 3 ಮೀಟರ್ ಸರಿಯಬೇಕಾದ ಸರ್ಕಲ್‌ನಲ್ಲಿ ಬೈಕು ಒಂದೇ ಮೀಟರ್ ಸರಿದರೆ ಸಾಕು. ನಕ್ಷೆಯಲ್ಲಿ ಕಾರಿಗೆ ಪಾಸಾದ ಎಷ್ಟೋ ಸರ್ಕಲ್‌ಗಳು ರಾತ್ರಿ ಬೈಕಿಗೆ ಫೇಲಾಗುವುದು ಈ ಎರಡು ಮೀಟರಿನಿಂದ. ಹಗ್ಗ ಕರ್ಬ್‌ಗೇ ತಾಗಿಸಿ ಹಿಡಿಯಿರಿ ಎಂದದ್ದೂ ಇದಕ್ಕೇ.

ಬಾಗು ಅಳೆದು ವೇಗ ತಿಳಿಯುವುದು

ಹಗ್ಗದ ಪರೀಕ್ಷೆ ಹೌದು, ಅಲ್ಲ ಎಂದಷ್ಟೇ ಹೇಳುತ್ತದೆ. ಎಷ್ಟು ವೇಗ ಎಂದು ತಿಳಿಯಲು ಗಾಡಿಗಳು ನಿಜವಾಗಿ ಹೋಗುವ ಗೆರೆಯನ್ನು ಹಿಡಿಯಬೇಕು. ಪಕ್ಕದ ಮನೆಯ ಮಹಡಿಯಿಂದ ರಾತ್ರಿ ವೀಡಿಯೊ ತೆಗೆದು, ಅತಿ ವೇಗದ ಗಾಡಿಗಳು ಎಲ್ಲಿ ಹಾದವು ಎಂದು ಗುರುತಿಸಿ, ಬೆಳಗಿನ ಜಾವ ಆ ಗೆರೆಯನ್ನು ಸುಣ್ಣದ ಪುಡಿಯಲ್ಲಿ ಎಳೆಯಿರಿ. ರಿಫ್ಲೆಕ್ಟರ್ ಜಾಕೆಟ್, ಕೋನ್, ಒಬ್ಬ ಸಂಚಾರಿ ಪೊಲೀಸ್ ಇಲ್ಲದೆ ರಸ್ತೆಗೆ ಇಳಿಯಬೇಡಿ.

ಎಂಟ್ರಿಯಲ್ಲಿ ಆ ಗೆರೆ ಅತಿ ಹೆಚ್ಚು ಬಾಗಿದ ಕಡೆ 20 ಮೀಟರ್ ಹಗ್ಗವನ್ನು ಬಿಗಿಯಾಗಿ, ಎರಡೂ ತುದಿ ಸುಣ್ಣದ ಗೆರೆಯ ಮೇಲೆ ಬರುವಂತೆ ಹಿಡಿಯಿರಿ. ಹಗ್ಗದ ನಡುವಿನಿಂದ ಸುಣ್ಣದ ಗೆರೆಗೆ ಎಷ್ಟು ದೂರ ಎಂದು ಟೇಪಿನಲ್ಲಿ ಅಳೆಯಿರಿ. ಆ ದೂರ ಅರ್ಧ ಮೀಟರ್ ಬಂದರೆ ಬಾಗಿನ ತ್ರಿಜ್ಯ ಸುಮಾರು 100 ಮೀಟರ್. ಒಂದು ಮೀಟರ್ ಬಂದರೆ 50, ಒಂದೂವರೆಗೆ 34, ಎರಡಕ್ಕೆ 26. ಅಮೆರಿಕದವರು ರೌಂಡ್‌ಅಬೌಟ್‌ಗೆ (ನಮ್ಮ ಸರ್ಕಲ್‌ಗೆ ಹೊರದೇಶದ ಹೆಸರು) ಬಳಸುವ ಸೂತ್ರದಲ್ಲಿ ಈ ತ್ರಿಜ್ಯಗಳನ್ನು ಹಾಕಿದರೆ ಒಳಬರುವ ವೇಗ ಅನುಕ್ರಮವಾಗಿ ಗಂಟೆಗೆ 52, 40, 34, 31 ಕಿಲೋಮೀಟರ್ ಆಗುತ್ತದೆ. ಇದು ಕಾರಿನಲ್ಲಿ ಕೂತವರಿಗೆ ಹಿತವೆನಿಸುವ ವೇಗ. ಬೈಕಿನವರು ವಾಲಿಸಿಕೊಂಡು ಇದಕ್ಕಿಂತ ಹೆಚ್ಚೇ ಹೋಗುತ್ತಾರೆ.

ಬ್ರಿಟನ್ನಿನಲ್ಲಿ ಎಂಟ್ರಿಯ ಗೆರೆಯ ತ್ರಿಜ್ಯ ಯಾವ ಸಾಮಾನ್ಯ ರೌಂಡ್‌ಅಬೌಟ್‌ನಲ್ಲೂ 100 ಮೀಟರ್ ಮೀರಬಾರದು, ಊರೊಳಗಿನ ಚಿಕ್ಕದಾದರೆ 70 ಮೀರಬಾರದು. ನಮ್ಮ ಬಡಾವಣೆಗಳಿಗೆ ಅದೂ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. ಶಾಲೆ ಮಕ್ಕಳು, ವಾಕಿಂಗ್ ಹೋಗುವ ಹಿರಿಯರು ದಾಟುವ ಕಡೆ 30 ಮೀಟರ್ ಇಟ್ಟುಕೊಳ್ಳಿ, ವೇಗ 33ರ ಆಸುಪಾಸು ಬರುತ್ತದೆ. ಐವತ್ತರಲ್ಲಿ ಬರುವ ಗಾಡಿ ಮೂವತ್ತರಲ್ಲಿ ಬರುವ ಅದೇ ಗಾಡಿಗಿಂತ ಸುಮಾರು 2.8 ಪಟ್ಟು ಹೆಚ್ಚು ಶಕ್ತಿಯಿಂದ ಗುದ್ದುತ್ತದೆ.

ಲೆಕ್ಕ ನಂಬದವರಿಗೆ ಫೋನ್ ಸಾಕು. ರಸ್ತೆಯ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಗೆರೆ ಹಾಕಿ ವೀಡಿಯೊ ತೆಗೆಯಿರಿ. ಗೆರೆಯಿಂದ ಗೆರೆಗೆ 2.4 ಸೆಕೆಂಡ್ ಹಿಡಿದರೆ ವೇಗ 30, 1.8 ಆದರೆ 40, 1.44 ಆದರೆ 50. ಸೆಕೆಂಡಿಗೆ 30 ಫ್ರೇಮ್ ವೀಡಿಯೊದಲ್ಲಿ ಫ್ರೇಮ್ ಎಣಿಸಿದರೆ ತಪ್ಪುವುದಿಲ್ಲ: 72 ಫ್ರೇಮ್ ಎಂದರೆ 30, 43 ಎಂದರೆ 50. ಮುಂದೆ ಬೇರೆ ಗಾಡಿ ಅಡ್ಡ ಇಲ್ಲದೆ ತಮ್ಮ ಇಷ್ಟದ ವೇಗದಲ್ಲಿ ಬಂದ ಗಾಡಿಗಳನ್ನು ಮಾತ್ರ ತೆಗೆದುಕೊಳ್ಳಿ. ಅಂಥ ನೂರನ್ನು ಕಡಿಮೆ ವೇಗದಿಂದ ಹೆಚ್ಚಿನ ವೇಗದ ಕ್ರಮದಲ್ಲಿ ಬರೆದು 85ನೆಯದನ್ನು ನೋಡಿ. ಸರ್ಕಲ್‌ನ ವೇಗ ಅದು. ಬೈಕಿಗೆ ಬೇರೆ ಪಟ್ಟಿ ಮಾಡಿ. ಎಲ್ಲ ಕಲಸಿದ ಸರಾಸರಿಯನ್ನು ಮೀಟಿಂಗ್‌ನಲ್ಲಿ ತೋರಿಸಿದರೆ ದೋಷವೇ ಇಲ್ಲ ಎಂದಾಗಿಬಿಡುತ್ತದೆ.

ಕಾರಣಗಳು

ಮೊದಲನೆಯದು ಹಳೆಯ ವಿನ್ಯಾಸ. 1976ರ ಐಆರ್‌ಸಿ ಪದ್ಧತಿಯಲ್ಲಿ ಗಾಡಿಗಳು ಓಡುತ್ತಲೇ ಒಂದರೊಳಗೊಂದು ಹೆಣೆದುಕೊಂಡು ಹೋಗಲಿ ಎಂಬ ಲೆಕ್ಕಾಚಾರವಿತ್ತು. ಹೆಣೆದುಕೊಳ್ಳುವ ದಾರಿಯ ಉದ್ದ ಅದರ ಅಗಲಕ್ಕೆ ನಾಲ್ಕು ಪಟ್ಟಾದರೂ ಇರಬೇಕು, ಎಕ್ಸಿಟ್‌ನ ತ್ರಿಜ್ಯ ಎಂಟ್ರಿಯದಕ್ಕಿಂತ ಒಂದೂವರೆಯಿಂದ ಎರಡು ಪಟ್ಟು ಇರಬೇಕು ಎಂದಿತ್ತು. ಅದೇ ಪದ್ಧತಿ ಊರೊಳಗೆ ವಿನ್ಯಾಸದ ವೇಗ 30, ಎಂಟ್ರಿಯ ತ್ರಿಜ್ಯ 15ರಿಂದ 25 ಮೀಟರ್ ಎಂದೂ ಹೇಳಿತ್ತು. ಕಾಗದದ ಮೇಲೆ ತಪ್ಪೇನಿಲ್ಲ. ಆದರೆ ಆ 15–25 ಮೀಟರ್ ಕರ್ಬ್‌ನ ತ್ರಿಜ್ಯ, ಗಾಡಿಯ ಗೆರೆಯದಲ್ಲ. ಕರ್ಬ್ 20 ಮೀಟರ್ ತ್ರಿಜ್ಯದಲ್ಲಿ ಬಾಗಿದ್ದರೂ ಎಂಟ್ರಿ 8 ಮೀಟರ್ ಅಗಲ ಇದ್ದರೆ ಗಾಡಿ ಅದನ್ನು ಮೂಸಿಯೂ ನೋಡದೆ ನೇರ ಹೋಗುತ್ತದೆ. ಈ ಸಂಹಿತೆ 2017ರಲ್ಲಿ ಪರಿಷ್ಕರಣೆ ಆಗಿದೆ. ನೆಲದ ಮೇಲಿನ ಸರ್ಕಲ್‌ಗಳು ಹಳೆಯವೇ.

ಎರಡನೆಯದು ಫ್ರೀ ಲೆಫ್ಟ್. ಎಡಕ್ಕೆ ಹೋಗುವವರಿಗೆ ಬೇರೆ ದಾರಿ ಕೊಟ್ಟರೆ ಸರ್ಕಲ್ ಹಗುರಾಗುತ್ತದೆ ಎಂದು ಮೂಲೆ ಕತ್ತರಿಸುತ್ತಾರೆ. ಅಲ್ಲಿ ದಾಟುವವರಿಗೆ ಗಾಡಿ ಎಂದೂ ನಿಲ್ಲುವುದಿಲ್ಲ. ಒಂದು ಸಾಲಿನ ಸರ್ಕಲ್‌ಗೆ ಫ್ರೀ ಲೆಫ್ಟ್ ಬೇಕೇ ಇಲ್ಲ. ಮುಚ್ಚಿ ಫುಟ್‌ಪಾತ್‌ಗೆ ಸೇರಿಸಿ.

ಮೂರನೆಯದನ್ನು ಯಾರೂ ಅಳೆಯುವುದಿಲ್ಲ: ಡಾಂಬರಿನ ಮೇಲೆ ಡಾಂಬರು. ಹಳೆಯದನ್ನು ಕೆರೆದು ತೆಗೆಯದೆ ಪದರದ ಮೇಲೆ ಪದರ ಹಾಕಿದರೆ, 150 ಮಿಲಿಮೀಟರ್ ಎತ್ತರದ ಕರ್ಬ್ ಕೆಲವು ವರ್ಷಗಳಲ್ಲಿ ಅರ್ಧ ಮುಳುಗುತ್ತದೆ. ಬರುವ ಹೋಗುವ ದಾರಿ ಬೇರೆ ಮಾಡುವ ತ್ರಿಕೋನದ ಡಿವೈಡರ್ ಬೈಕಿಗೆ ಹತ್ತಿ ಇಳಿಯುವ ಕಟ್ಟೆಯಾಗುತ್ತದೆ. ಹಗ್ಗದ ಪರೀಕ್ಷೆ ಪಾಸಾಗಿಯೂ ವೇಗ ಇಳಿಯದಿದ್ದರೆ ಒಂದು ಸ್ಕೇಲ್ ತೆಗೆದು ಕರ್ಬ್‌ನ ಎತ್ತರ ಅಳೆಯಿರಿ. ಕರ್ಬ್ ಎತ್ತರಿಸದೆ ಬರೀ ರಸ್ತೆಗೆ ವೈಟ್ ಟಾಪಿಂಗ್ (ಕಾಂಕ್ರೀಟ್ ಹೊದಿಕೆ) ಮಾಡಿದ ಕಡೆಯೂ ಇದೇ ಪಾಡು.

ನಾಲ್ಕನೆಯದು ಆರ್‌ಪಾರ್ ಕಾಣುವ ಐಲೆಂಡ್. ದೂರದಿಂದಲೇ ಆಚೆ ರಸ್ತೆ ನೇರ ಕಂಡರೆ ಕಾಲು ಬ್ರೇಕಿಗೆ ಹೋಗುವುದಿಲ್ಲ. ಐಲೆಂಡ್‌ನ ನಡುವೆ ಮಣ್ಣಿನ ದಿಬ್ಬವೋ ಪೊದೆಯೋ ಇದ್ದು ನೋಟ ತಡೆಯಬೇಕು. ಅಂಚಿನ ಎರಡು ಮೀಟರ್ ಮಾತ್ರ ಹುಲ್ಲು, ಬಲದಿಂದ ಸುತ್ತಿ ಬರುವ ಗಾಡಿ ಕಾಣಲಿ ಎಂದು. ಬಾವುಟದ ಕಂಬ, ಪುತ್ಥಳಿ ಏನಿದ್ದರೂ ದಿಬ್ಬದ ನಟ್ಟನಡುವೆ ಇರಲಿ. ನವೆಂಬರಿನ ಅಲಂಕಾರಕ್ಕೆ ಅಡ್ಡಿಯಿಲ್ಲ, ಬ್ಯಾನರ್ ಮಾತ್ರ ಅಂಚಿಗೆ ಬರಬಾರದು. ಬೀದಿ ದೀಪ ಮರದ ಕೊಂಬೆಯೊಳಗೆ ಸಿಕ್ಕಿಕೊಂಡಿದ್ದರೆ ಕೊಂಬೆ ಸವರಿಸಿ.

ದಾರಿ ಬಿಡುವ ಪದ್ಧತಿ ಇಲ್ಲದಿರುವುದನ್ನೂ ಕಾರಣವಾಗಿ ಹೇಳುವವರಿದ್ದಾರೆ. ಬ್ರಿಟನ್ 1966ರಲ್ಲಿ ಬಲದಿಂದ ಬರುವವರಿಗೆ ದಾರಿ ಬಿಡುವುದನ್ನು ನಿಯಮ ಮಾಡಿದ ಮೇಲೆಯೇ ಅಲ್ಲಿನ ಸರ್ಕಲ್‌ಗಳಲ್ಲಿ ಗಾಡಿಗಳು ಸಿಕ್ಕಿಹಾಕಿಕೊಳ್ಳುವುದು ನಿಂತಿತು. ನಮ್ಮಲ್ಲೂ 2017ರ ಮೋಟಾರು ವಾಹನ ಚಾಲನಾ ನಿಯಮಾವಳಿಯ ಪ್ರಕಾರ ಸುತ್ತುತ್ತಿರುವವರಿಗೇ ಮೊದಲ ಹಕ್ಕು. ಯಾರೂ ಪಾಲಿಸುವುದಿಲ್ಲ ಎಂದು ಬೈಯುವ ಮುಂಚೆ ಒಂದು ಮಾತು: ಐವತ್ತರಲ್ಲಿ ಒಳನುಗ್ಗುವವನಿಗೆ ದಾರಿ ಬಿಡಲು ಸಮಯವೇ ಇರುವುದಿಲ್ಲ. ವೇಗ ಮೂವತ್ತಕ್ಕೆ ಇಳಿದ ಕಡೆ ಜನ ಬಲಕ್ಕೆ ತಿರುಗಿ ನೋಡುವುದನ್ನು ಯಾರು ಬೇಕಾದರೂ ನಿಂತು ನೋಡಬಹುದು.

ಹಂಪ್ ಬೇಡವೇ?

ವಾರ್ಡ್ ಸಭೆಯಲ್ಲಿ ಯಾರಾದರೂ ಹಿರಿಯರು ಎದ್ದು ನಿಂತು, "ಸಾರ್, ಅದೆಲ್ಲಾ ಬೇಡ, ನಾಲ್ಕು ಕಡೆ ನಾಲ್ಕು ಹಂಪ್ ಹಾಕಿಸ್ಬಿಡಿ" ಎನ್ನುವುದು ಗ್ಯಾರಂಟಿ. ಐಆರ್‌ಸಿ: 99ರ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಮೇಲ್ಮೈ 17 ಮೀಟರ್ ತ್ರಿಜ್ಯದ್ದು. ದಾಟುವ ವೇಗ ಸುಮಾರು 25. ರಾತ್ರೋರಾತ್ರಿ ಏಳುವ ಹಂಪ್ ಹೀಗಿರುವುದಿಲ್ಲ, ಬೆನ್ನು ಮುರಿಯುವ ಗೋಡೆಯಂತಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಜಾಗದ್ದು. ಸರ್ಕಲ್‌ನ ಬಾಯಲ್ಲೇ ಹಂಪ್ ಇದ್ದರೆ ಬಲಕ್ಕೆ ನೋಡಬೇಕಾದ ಕಣ್ಣು ನೆಲ ನೋಡುತ್ತದೆ, ಬೈಕು ಚರಂಡಿ ಪಕ್ಕದ ಸಂದಿಯಲ್ಲಿ ನುಸುಳುತ್ತದೆ.

ಹಾಕಲೇಬೇಕೆಂದಿದ್ದರೆ ಸರ್ಕಲ್‌ನಿಂದ ಒಂದು ಕಾರಿನಷ್ಟು, ಅಂದರೆ 6 ಮೀಟರ್ ಹಿಂದೆ ಜೀಬ್ರಾವನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿ, ಕರ್ಬ್‌ನಿಂದ ಕರ್ಬ್‌ಗೆ ಸಂದಿ ಬಿಡದೆ. ನಡುವಿನ ಡಿವೈಡರ್ 1.8 ಮೀಟರ್ ಅಗಲ ಇದ್ದರೆ ಮಗುವಿನ ತಳ್ಳುಗಾಡಿ ಹಿಡಿದವರೂ ನಿಂತು ಎರಡು ಕಂತಿನಲ್ಲಿ ದಾಟಬಹುದು.

ದುರಸ್ತಿ: ಮೇಲಿನ ಅರವತ್ತಡಿ ಸರ್ಕಲ್‌ನಲ್ಲೇ

ಎಡ ಕರ್ಬ್ ಅನ್ನು ಎಂಟ್ರಿಯಲ್ಲಿ ಒಂದೂವರೆ ಮೀಟರ್ ಒಳಕ್ಕೆ ತನ್ನಿ, ನಡುಗೆರೆಯಿಂದ 4.5 ಮೀಟರ್ ಆಯಿತು. ಡಿವೈಡರ್‌ನ ಅರ್ಧ ಭಾಗ ಕಳೆದರೆ ಎಂಟ್ರಿ 3.6 ಮೀಟರ್. ಬಸ್ಸಿನ ಅಗಲ ಸುಮಾರು ಎರಡೂವರೆ, ಹಿಡಿಸುತ್ತದೆ. ಐಲೆಂಡ್‌ನ ತ್ರಿಜ್ಯವನ್ನು 3ರಿಂದ 6ಕ್ಕೆ ಹಿಗ್ಗಿಸಿ. ಈಗ ಹಗ್ಗ ಎಳೆದರೆ ಐಲೆಂಡ್ ಒಳಗೆ ಒಂದೂವರೆ ಮೀಟರ್ ಹೋಗುತ್ತದೆ. ಕಾರು 4.5 ಮೀಟರ್ ಪಕ್ಕಕ್ಕೆ ಸರಿಯಬೇಕು, ಬೈಕು 2.5. ಯಾರಿಗೂ ನೇರ ದಾರಿ ಉಳಿಯಲಿಲ್ಲ.

ಬಸ್ಸು ತಿರುಗುವುದು ಹೇಗೆ ಎಂದು ಕೇಳುತ್ತಾರೆ, ಕೇಳಬೇಕಾದ್ದೇ. ಹನ್ನೆರಡು ಮೀಟರ್ ಉದ್ದದ ಬಸ್ಸು ತಿರುಗಲು ಹೊರಗೆ 12.5 ಮೀಟರ್, ಒಳಗೆ 5.3 ಮೀಟರ್ ತ್ರಿಜ್ಯದ ಉಂಗುರ ಬೇಕೆಂಬುದು ಯುರೋಪಿನ ಅಳತೆ. ಅದಕ್ಕೇ ಐಲೆಂಡ್‌ನ ಹೊರಗಿನ ಎರಡು ಮೀಟರನ್ನು ಗಟ್ಟಿ ಕಟ್ಟಬೇಡಿ. 50ರಿಂದ 75 ಮಿಲಿಮೀಟರ್ ಎತ್ತರಕ್ಕೆ ಒರಟು ಗ್ರಾನೈಟ್ ಕಲ್ಲು ಹಾಸಿ. ಬಸ್ಸಿನ ಹಿಂಚಕ್ರ ಅದರ ಮೇಲೆ ಹತ್ತಿಕೊಂಡು ಹೋಗಲಿ. ಕಾರು, ಬೈಕಿನವರಿಗೆ ಆ ಕುಲುಕಾಟ ಬೇಡವೆನಿಸುತ್ತದೆ. ಕಲ್ಲನ್ನು ನುಣುಪು ಮಾಡಿದರೆ ಎಲ್ಲ ಕೆಲಸ ನೀರಿನಲ್ಲಿ ಹೋಮ. ಹೊರವೃತ್ತದ ವ್ಯಾಸ 26 ಮೀಟರ್ ಬೇಕು, ಅಂದರೆ ಮೂಲೆ ಸೈಟುಗಳ ತುದಿ ಕತ್ತರಿಸಿ ಬಿಟ್ಟಿರಬೇಕು. ಬಿಟ್ಟಿಲ್ಲದಿದ್ದರೆ ಈ ಅಳತೆ ಫುಟ್‌ಪಾತ್ ನುಂಗುತ್ತದೆ. ಅಲ್ಲಿ ದೊಡ್ಡ ಐಲೆಂಡ್‌ನ ಆಸೆ ಬಿಟ್ಟು ಇಡೀ ಜಂಕ್ಷನ್ನನ್ನೇ ಎತ್ತರಿಸಿ, ನಡುವೆ ಬಸ್ಸು ಹತ್ತಿ ಹೋಗುವಂಥ ಚಿಕ್ಕ ಗುಮ್ಮಟ ಮಾಡುವುದು ಮೇಲು.

ಸಿಮೆಂಟು ಹಾಕುವ ಮುಂಚೆ ಇದೆಲ್ಲವನ್ನೂ ನೀರು ತುಂಬಿದ ಪ್ಲಾಸ್ಟಿಕ್ ಬ್ಯಾರಿಯರ್, ಕೋನ್, ಬಣ್ಣದ ಗೆರೆಗಳಲ್ಲಿ ಒಂದೆರಡು ವಾರ ಇಟ್ಟು ನೋಡಿ. ಆ ಮಾರ್ಗದ ಬಸ್ ಚಾಲಕರೊಬ್ಬರನ್ನು ಖಾಲಿ ಬಸ್ಸಿನಲ್ಲಿ ಕರೆಸಿ ಬಲಕ್ಕೆ ಪೂರ್ತಿ ಸುತ್ತು ಹಾಕಿಸಿ. "ಇಲ್ಲಿ ಇನ್ನೊಂದು ಅಡಿ ಬಿಡಿ ಸಾರ್" ಎಂದು ಅವರು ತೋರಿಸುವ ಜಾಗ ಸಾಫ್ಟ್‌ವೇರ್‌ನಲ್ಲಿ ಬಂದ ಜಾಗಕ್ಕಿಂತ ಬೇರೆ ಇದ್ದರೆ ನಾನು ಅವರ ಮಾತು ಕೇಳುತ್ತೇನೆ. ಅಗ್ನಿಶಾಮಕ ವಾಹನಕ್ಕೂ ಇದೇ ಪರೀಕ್ಷೆ.

ನೀರಿನ ದಾರಿ ಮರೆಯಬೇಡಿ. ಕರ್ಬ್ ಮುಂದಕ್ಕೆ ತಂದಾಗ ಹಳೆಯ ಚರಂಡಿ ಬಾಯಿ ಅದರ ಹಿಂದೆ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಜೋರು ಮಳೆಗೇ ಎಂಟ್ರಿಯಲ್ಲಿ ಕೆರೆ. ಹಳೆಯ, ಹೊಸ ಕರ್ಬ್‌ಗಳ ನಡುವೆ ಕಾಲುವೆ ಬಿಟ್ಟು ಮೇಲೆ ಜಾಲರಿ ಹಾಕಿ. ಸುತ್ತುವ ದಾರಿಯ ಇಳಿಜಾರು ಹೊರಮುಖವಾಗಿ ನೂರಕ್ಕೆ ಎರಡರಷ್ಟು ಇರಲಿ. ನೀರು ಹೊರಕ್ಕೆ ಹರಿಯುತ್ತದೆ, ಐಲೆಂಡ್ ಎದ್ದು ಕಾಣುತ್ತದೆ, ವೇಗವೂ ಸ್ವಲ್ಪ ಇಳಿಯುತ್ತದೆ.

ಇಷ್ಟು ಮಾಡುವ ಬದಲು ಸಿಗ್ನಲ್ ಹಾಕಬಾರದೇ ಎಂಬ ಪ್ರಶ್ನೆಗೆ: ನಾಲ್ಕು ರಸ್ತೆಯ ಜಂಕ್ಷನ್‌ನಲ್ಲಿ ಗಾಡಿಗಳು ಪರಸ್ಪರ ಎದುರಾಗುವ ಬಿಂದುಗಳು 32, ಒಂದು ಸಾಲಿನ ಸರ್ಕಲ್‌ನಲ್ಲಿ 8. ಅಮೆರಿಕದಲ್ಲಿ ರೌಂಡ್‌ಅಬೌಟ್ ಆಗಿ ಬದಲಾದ 24 ಜಂಕ್ಷನ್‌ಗಳನ್ನು ಅಧ್ಯಯನ ಮಾಡಿದಾಗ ಗಾಯವಾಗುವ ಅಪಘಾತಗಳು 76 ಶೇಕಡಾ ಇಳಿದಿದ್ದವು. ಅಲ್ಲಿ ಬಾಗು ಇತ್ತು ಎಂಬುದನ್ನು ಸೇರಿಸಿ ಹೇಳಬೇಕು.

ಬ್ಯಾರಿಯರ್ ಇಟ್ಟ ಮೇಲೆ ಅದೇ ಎರಡು ಗೆರೆ, ಅದೇ ಫೋನ್, ಅದೇ ಹೊತ್ತಿನಲ್ಲಿ ಮತ್ತೆ ನೂರು ಗಾಡಿ ಅಳೆಯಿರಿ. 85ನೆಯದು 35ರೊಳಗೆ ಬಂದರೆ ಕಾಯಂ ಕೆಲಸಕ್ಕೆ ಕೈ ಹಾಕಬಹುದು. ಕಾರಿನದು ಇಳಿದು ಬೈಕಿನದು ಇಳಿಯದಿದ್ದರೆ ಬ್ಯಾರಿಯರ್ ಮತ್ತು ಹಳೆಯ ಕರ್ಬ್‌ನ ನಡುವಿನ ಸಂದಿ ನೋಡಿ, ಅಲ್ಲಿಂದಲೇ ನುಸುಳುತ್ತಿರುತ್ತಾರೆ. ಒಂದು ಎಂಟ್ರಿ ಮಾತ್ರ ಹಟ ಹಿಡಿದರೆ ಆ ರಸ್ತೆ ಇಳಿಜಾರೇ ಎಂದು ಪರೀಕ್ಷಿಸಿ. ಬಸವನಗುಡಿ, ಮಲ್ಲೇಶ್ವರದಂಥ ಏರಿಳಿತದ ಬಡಾವಣೆಗಳಲ್ಲಿ ಇಳಿದು ಬರುವ ಎಂಟ್ರಿಗೆ ಎತ್ತರಿಸಿದ ಜೀಬ್ರಾ ಕೂಡ ಬೇಕಾಗುತ್ತದೆ, ಬಾಗು ಒಂದರಿಂದ ಆಗದು. ಕಾಯಂ ಕೆಲಸ ಮುಗಿದ ಮೇಲೆ ಕರ್ಬ್‌ನ ಎತ್ತರವನ್ನು ನಾಲ್ಕು ಕಡೆ ಅಳೆದು ವಾರ್ಡ್ ಕಡತದಲ್ಲಿ ಬರೆದಿಡಿ. ಮುಂದಿನ ಸಲ ಡಾಂಬರು ಹಾಕಲು ಬಂದವರಿಗೆ ಆ ಹಾಳೆ ತೋರಿಸಿ, ಹಳೆಯ ಪದರ ಕೆರೆದ ಮೇಲೆಯೇ ಕೆಲಸ ಶುರು ಮಾಡಿಸಿ.